ಪಂಪ್ ಏರಿಸಿದ ಹಳೆ ಟರ್ಬೊ ಡೀಸೆಲ್: ಲಕ್ಷಣ ಹಿಡಿದು ದೋಷ ಹುಡುಕುವುದು ಹೇಗೆ?

ಹಳೆ ಟರ್ಬೊ ಡೀಸೆಲ್ ಎಂಜಿನ್‌ನ ಪವರ್ ಏರಿಸುವುದು ತೀರಾ ಸುಲಭ. ಅದೇ ಅದರ ತೊಂದರೆ. ಎಂಜಿನ್‌ಗೆ ಡೀಸೆಲ್ ತಳ್ಳುವ ಪಂಪ್‌ನ ಸ್ಕ್ರೂ ಕಾಲು ಸುತ್ತು ತಿರುಗಿಸಿದರೆ ಸಾಕು, ಡೀಸೆಲ್ ಜಾಸ್ತಿ ಬಿದ್ದು ಗಾಡಿ ಬೇರೆಯೇ ಆಗಿಬಿಡುತ್ತದೆ. ನಿನ್ನೆ ಮೂರನೇ ಗೇರ್ ಕೇಳುತ್ತಿದ್ದ ಏರನ್ನು ಇವತ್ತು ನಾಲ್ಕರಲ್ಲೇ ಹತ್ತುತ್ತದೆ. ಒಂದಷ್ಟು ದಿನ ಖುಷಿಯೋ ಖುಷಿ. ಆಮೇಲೆ ಒಂದು ದಿನ ಟೆಂಪರೇಚರ್ ಮುಳ್ಳು ಯಾವಾಗಲೂ ನಿಲ್ಲುವ ಜಾಗದಿಂದ ಒಂಚೂರು ಮೇಲೆ ನಿಂತಿರುತ್ತದೆ. ಇಲ್ಲವೇ ಹಿಂದೆ ಬರುತ್ತಿದ್ದ ಗಾಡಿ ನಮ್ಮ ಹೊಗೆಯಲ್ಲೇ ಮರೆಯಾಗುತ್ತದೆ. ಅಲ್ಲಿಂದ ಹುಡುಕಾಟ ಶುರು.

ಹುಡುಕುವಾಗ ಹೆಚ್ಚಿನವರು ದೊಡ್ಡ ಖರ್ಚಿನಿಂದಲೇ ಆರಂಭಿಸುತ್ತಾರೆ. ಟರ್ಬೊ (ಹೊಗೆಯ ಬಲದಲ್ಲಿ ತಿರುಗಿ ಎಂಜಿನ್‌ಗೆ ಗಾಳಿ ತುಂಬುವ ಚಕ್ರ) ಹೋಯ್ತು, ನಾಝಲ್ (ಸಿಲಿಂಡರ್‌ಗೆ ಡೀಸೆಲ್ ಚಿಮುಕಿಸುವ ಮೂತಿ) ಹೋಯ್ತು, ಪಂಪ್ ಬಿಚ್ಚಬೇಕು ಅಂತ. ನಾನೂ ಹಾಗೆ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ನನ್ನ ಅನುಭವದಲ್ಲಿ ಪವರ್ ಏರಿಸಿದ್ದರಿಂದ ಹೊಸ ರೋಗ ಬರುವುದು ಕಡಿಮೆ. ಒಳಗೆ ಮಲಗಿದ್ದ ಹಳೆ ರೋಗ ಎದ್ದು ಕೂರುವುದೇ ಜಾಸ್ತಿ. ಅರ್ಧ ಕಟ್ಟಿಕೊಂಡ ರೇಡಿಯೇಟರ್ ಮೂಲ ಪವರ್‌ಗೆ ಹೇಗೋ ಸಾಲುತ್ತಿತ್ತು. ಈಗ ಸಾಲುತ್ತಿಲ್ಲ, ಅಷ್ಟೇ.

ಡೀಸೆಲ್ ಜಾಸ್ತಿಯಾದರೆ ಬಿಸಿ ಜಾಸ್ತಿ

ಮುಂದಿನದ್ದೆಲ್ಲ ಅರ್ಥವಾಗಬೇಕಾದರೆ ಇದೊಂದು ಗೊತ್ತಿರಬೇಕು. ಪೆಟ್ರೋಲ್ ಎಂಜಿನ್‌ನಲ್ಲಿ ಇಂಧನ ಕಡಿಮೆಯಾದರೆ ಎಂಜಿನ್ ಕಾಯುತ್ತದೆ ಅಂತ ಹೇಳುತ್ತಾರೆ. ಡೀಸೆಲ್‌ನಲ್ಲಿ ಲೆಕ್ಕ ಉಲ್ಟಾ. ಗಾಳಿ ಅಷ್ಟೇ ಇದ್ದು ಡೀಸೆಲ್ ಜಾಸ್ತಿ ಬಿದ್ದಷ್ಟೂ ಉರಿ ಏರುತ್ತದೆ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಸುಮಾರು 14.5 ಕಿಲೋ ಗಾಳಿ ಸಾಕು. ಆದರೆ ಸಿಲಿಂಡರ್ ಒಳಗೆ ಎರಡೂ ಸರಿಯಾಗಿ ಬೆರೆಯಲು ಸಮಯವೇ ಇರುವುದಿಲ್ಲ. ಹಾಗಾಗಿ ಡೀಸೆಲ್ ಎಂಜಿನ್‌ಗೆ ಯಾವಾಗಲೂ ಗಾಳಿ ಮಿಕ್ಕಿರಬೇಕು. ಈ ಅನುಪಾತ 18-20ಕ್ಕಿಂತ ಕೆಳಗಿಳಿದರೆ ಹೊಗೆ ಕಣ್ಣಿಗೆ ಕಾಣಲು ಶುರುವಾಗುತ್ತದೆ. ಹೊಗೆ ಕಂಡಿತು ಅಂದರೆ ಸೈಲೆನ್ಸರ್ ಕಡೆ ಹೋಗುವ ಗ್ಯಾಸ್‌ನ ಬಿಸಿಯೂ ಏರುತ್ತಿದೆ ಅಂತಲೇ ಅರ್ಥ.

ಆ ಬಿಸಿ ಅಳೆಯಲು ಎಲ್ಲ ಸಿಲಿಂಡರ್‌ಗಳ ಹೊಗೆ ಸೇರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಸೆನ್ಸರ್ ಕೂರಿಸಿ ಗೇಜ್ ಹಾಕುತ್ತಾರೆ. ಟರ್ಬೊಗಿಂತ ಮುಂಚೆ ಅಳೆದರೆ, ಉದ್ದದ ಏರಿನಲ್ಲೂ 700 ಡಿಗ್ರಿ ಸೆಲ್ಸಿಯಸ್ ದಾಟದ ಹಾಗೆ ಓಡಿಸುವುದು ಹಳೆ ಎಂಜಿನ್‌ಗೆ ಕ್ಷೇಮ. 750ರ ಮೇಲೆ ತುಂಬಾ ಹೊತ್ತು ನಿಂತರೆ ಪಿಸ್ಟನ್ನಿಗೆ ಅಪಾಯ. ಪಿಸ್ಟನ್ ಅಲ್ಯೂಮಿನಿಯಂನದು, ಶುದ್ಧ ಅಲ್ಯೂಮಿನಿಯಂ ಕರಗುವುದೇ 660 ಡಿಗ್ರಿಗೆ. ಕೆಳಗಿನಿಂದ ಆಯಿಲ್, ಸುತ್ತಲಿಂದ ಕೂಲಂಟ್ ಬಿಸಿ ಎಳೆದುಕೊಳ್ಳುತ್ತಿರುವುದರಿಂದ ಪಿಸ್ಟನ್ ಬದುಕಿರುತ್ತದೆ. ಕೆಲವರು ಸುಲಭ ಅಂತ ಟರ್ಬೊ ಆದಮೇಲೆ ಸೆನ್ಸರ್ ಹಾಕುತ್ತಾರೆ. ಅಲ್ಲಿ 100-150 ಡಿಗ್ರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಕಡಿಮೆಯೇ ತೋರಿಸುತ್ತದೆ. ಅದನ್ನು ನಂಬಿ ಆರಾಮಾಗಿ ಇರಬೇಡಿ.

ಸ್ಪ್ಯಾನರ್ ಹಿಡಿಯುವ ಮುಂಚೆ: ಯಾರು ಏನು ಮಾಡಿದ್ದಾರೆ?

ಗಾಡಿ ನೀವೇ ಏರಿಸಿದ್ದರೆ ಸರಿ. ಸೆಕೆಂಡ್ ಹ್ಯಾಂಡ್ ಆಗಿದ್ದರೆ ಹಿಂದಿನವರು ಬರೆದಿಟ್ಟಿರುವುದಿಲ್ಲ. ನೀವೇ ಪತ್ತೆ ಮಾಡಬೇಕು. ಪಂಪ್‌ನ ಸ್ಕ್ರೂ ಮೇಲೆ ಕಂಪನಿಯ ಸೀಲ್ ಇದೆಯೇ, ಲಾಕ್ ನಟ್‌ನ ಮೂಲೆಗಳು ಸವೆದು ಹೊಳೆಯುತ್ತಿವೆಯೇ ನೋಡಿ. ಇಪ್ಪತ್ತು ವರ್ಷದ ಧೂಳು ಹಿಡಿದ ಪಂಪ್‌ನಲ್ಲಿ ಒಂದೇ ನಟ್ ಫಳಫಳ ಅಂದರೆ ಕಥೆ ಗೊತ್ತಾಯಿತಲ್ಲ! ವೇಸ್ಟ್‌ಗೇಟ್ (ಟರ್ಬೊ ಒತ್ತಡ ಮಿತಿ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ತೆರೆಯುವ ಆಕ್ಚುಯೇಟರ್‌ನ ಕಡ್ಡಿಯಲ್ಲಿ ಸ್ಕ್ರೂ ದಾರ ಎಷ್ಟು ಹೊರಗಿದೆ, ಅದಕ್ಕೆ ಹೋಗುವ ಸಣ್ಣ ಹೋಸ್‌ನಲ್ಲಿ ಯಾರಾದರೂ ಟೀ ಜಾಯಿಂಟ್ ಅಥವಾ ವಾಲ್ವ್ ಸೇರಿಸಿದ್ದಾರಾ, ಇಜಿಆರ್‌ಗೆ (ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್‌ಗೆ ಕಳಿಸುವ ದಾರಿ) ತಗಡು ಹಾಕಿ ಮುಚ್ಚಿದ್ದಾರಾ ನೋಡಿ. ಕಾಮನ್ ರೈಲ್ ಎಂಜಿನ್ (ಎಲ್ಲ ನಾಝಲ್‌ಗೂ ಬೇಕಾದ ಡೀಸೆಲ್ಅನ್ನು ಒಂದೇ ಪೈಪ್‌ನಲ್ಲಿ ಒತ್ತಡದಲ್ಲಿ ಇಟ್ಟುಕೊಳ್ಳುವ ಬಗೆ) ಆದರೆ ಆ ಪೈಪ್‌ನ, ಅಂದರೆ ರೈಲ್‌ನ ಪ್ರೆಶರ್ ಸೆನ್ಸರ್ ವೈರ್ ಹಿಡಿದು ಹೋಗಿ. ನಡುವೆ ಒಂದು ಪುಟ್ಟ ಡಬ್ಬಿ ಸಿಕ್ಕರೆ ಅದೇ ಟ್ಯೂನಿಂಗ್ ಬಾಕ್ಸ್. ಇಂಥ ಬಹುತೇಕ ಡಬ್ಬಿಗಳು ಮಾಡುವ ಕೆಲಸ ಒಂದೇ. ಪ್ರೆಶರ್ ಇರುವುದಕ್ಕಿಂತ ಕಡಿಮೆ ಇದೆ ಅಂತ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್) ಸುಳ್ಳು ಹೇಳುತ್ತವೆ. ಅದು ನಂಬಿ ಪ್ರೆಶರ್ ಏರಿಸುತ್ತದೆ.

ಈಗ ಮುಖ್ಯ ಕೆಲಸ. ಎಲ್ಲವನ್ನೂ ಮೂಲ ಸೆಟ್ಟಿಂಗ್‌ಗೆ ತಂದು ನಾಲ್ಕು ದಿನ ಓಡಿಸಿ. ಡಬ್ಬಿ ಬಿಚ್ಚಿಡಿ. ಸ್ಕ್ರೂ ಇರುವ ಜಾಗಕ್ಕೆ ಪೇಂಟ್‌ನಲ್ಲಿ ಗುರುತು ಹಾಕಿ, ಮೊಬೈಲ್‌ನಲ್ಲಿ ಫೋಟೋ ತೆಗೆದು, ಆಮೇಲೆ ಹಿಂದಕ್ಕೆ ತಿರುಗಿಸಿ. ಲಕ್ಷಣ ಪೂರ್ತಿ ಹೋದರೆ ಎಂಜಿನ್‌ಗೆ ಆ ಪವರ್ ಹೊರುವ ಶಕ್ತಿ ಇಲ್ಲ, ಇಲ್ಲವೇ ಮೂಲ ಪವರ್‌ನಲ್ಲಿ ಕಾಣದಂಥ ಸಣ್ಣ ದೋಷ ಇದೆ. ಕಡಿಮೆಯಾಗಿಯೂ ಉಳಿದರೆ ಹಳೆ ದೋಷ ಒಳಗಿದೆ, ಅದನ್ನು ಹುಡುಕಬೇಕು. ಏರಿಸಿದ ಸ್ಥಿತಿಯಲ್ಲೇ ಇಟ್ಟುಕೊಂಡು ದೋಷ ಹುಡುಕುವುದು ಹೊಗೆ ತುಂಬಿದ ಕೋಣೆಯಲ್ಲಿ ಸೂಜಿ ಹುಡುಕಿದ ಹಾಗೆ.

ಮೊದಲೇ ಹೇಳಬೇಕಾದ ಎಚ್ಚರಿಕೆಗಳು

ಡೀಸೆಲ್ ಪೈಪ್ ಸೋರುತ್ತಿದೆಯೇ ಅಂತ ಕೈ ಹಿಡಿದು ನೋಡಬೇಡಿ. ಹಳೆ ಮೆಕ್ಯಾನಿಕಲ್ ಇಂಜೆಕ್ಟರ್ (ನಾಝಲ್ ಕೂರುವ ಭಾಗ) ತೆರೆಯುವುದೇ 120ರಿಂದ 250 ಬಾರ್ ಒತ್ತಡದಲ್ಲಿ. ಮೊದಲ ಕಾಲದ ಕಾಮನ್ ರೈಲ್‌ನಲ್ಲೇ ಒತ್ತಡ 1,350 ಬಾರ್ ಇತ್ತು. ಕಣ್ಣಿಗೆ ಕಾಣದ ಸೂಜಿಯಂಥ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಬಿಟ್ಟರೆ ಏನೂ ಕಾಣುವುದಿಲ್ಲ, ನೋವೂ ಮೊದಮೊದಲು ಅಷ್ಟಾಗಿ ಇರುವುದಿಲ್ಲ. ಹಾಗಾಯಿತು ಅಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೋಗಿದೆ ಅಂತಲೇ ಹೇಳಿ. ತಡವಾದರೆ ಬೆರಳೇ ಹೋಗಬಹುದು. ಸೋರಿಕೆ ನೋಡಲು ರಟ್ಟಿನ ತುಂಡು ಹಿಡಿಯಿರಿ.

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಏರ್ ಫಿಲ್ಟರ್ ಪೈಪ್ ಬಿಚ್ಚಿ ಎಂಜಿನ್ ಓಡಿಸುತ್ತಾ ಟರ್ಬೊ ಬಾಯಿಯ ಹತ್ತಿರ ಕೈ, ಬಟ್ಟೆ ಒಯ್ಯಬೇಡಿ. ಆ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಕೆಳಗೆ ನುಸುಳುವಾಗ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿ.

ಲಕ್ಷಣ: ಆಕ್ಸಲರೇಟರ್ ಒತ್ತಿದಾಗ ಕಪ್ಪು ಹೊಗೆ

ಒತ್ತಿದ ಕ್ಷಣ ಒಂದು ಬುಸ್ ಅಂತ ಬಂದು, ಟರ್ಬೊ ಹಿಡಿದಮೇಲೆ ತಿಳಿಯಾದರೆ ಹಳೆ ಗಾಡಿಯಲ್ಲಿ ಅದು ದೊಡ್ಡ ವಿಷಯವಲ್ಲ. ಏರು ಮುಗಿಯುವವರೆಗೂ ಬರುತ್ತಲೇ ಇದ್ದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಡೀಸೆಲ್ ಅತಿಯಾಗಿದೆ. ಕಪ್ಪು ಹೊಗೆ ಬಂದರೆ ಪವರ್ ಬಂತು ಅಂತ ಬೀಗುವವರಿದ್ದಾರೆ. ಅದು ಉರಿಯದೆ ಹೋದ ಡೀಸೆಲ್. ಪವರ್ ಆಗಿದ್ದರೆ ಚಕ್ರಕ್ಕೆ ಹೋಗುತ್ತಿತ್ತು, ಸೈಲೆನ್ಸರ್‌ನಿಂದ ಬರುತ್ತಿರಲಿಲ್ಲ.

ಮೊದಲು ಏರ್ ಫಿಲ್ಟರ್. ತೆಗೆದು ಬೆಳಕಿಗೆ ಹಿಡಿಯಿರಿ. ಅನುಮಾನವಿದ್ದರೆ ಹೊಸದು ಹಾಕಿ. ಆಮೇಲೆ ಟರ್ಬೊದಿಂದ ಇಂಟರ್‌ಕೂಲರ್‌ಗೆ (ಟರ್ಬೊ ಕೊಟ್ಟ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಭಾಗ), ಅಲ್ಲಿಂದ ಎಂಜಿನ್‌ಗೆ ಹೋಗುವ ಹೋಸ್‌ಗಳು. ಮೇಲ್ಗಡೆ ಮಾತ್ರ ನೋಡಿದರೆ ಸಾಲದು. ಕೈ ಹಾಕಿ ಕೆಳಗಡೆ ಸವರಿ. ಬೆರಳಿಗೆ ಆಯಿಲ್ ಜಿಡ್ಡಿನ ಜೊತೆ ಧೂಳು ಅಂಟಿದರೆ ಅಲ್ಲೇ ಗಾಳಿ ಸೋರುತ್ತಿದೆ.

ನನ್ನ ಕೈಗೆ ಬಂದ ಒಂದು ಗಾಡಿಯ ಕಥೆ ಹೇಳುತ್ತೇನೆ. ಪಂಪ್ ಏರಿಸಿದ್ದರು. ಏರಿನಲ್ಲಿ ಮಸಿ ಮಸಿ ಹೊಗೆ. ನಾನು ನಾಝಲ್ ನಾಲ್ಕನ್ನೂ ಬಿಚ್ಚಿ ಟೆಸ್ಟ್ ಮಾಡಿಸಿದೆ, ಎರಡು ಬದಲಾಯಿಸಿದೆ. ಹೊಗೆ ಹಾಗೇ. ಪಂಪ್ ಪರೀಕ್ಷೆಯ ಬೆಂಚ್‌ಗೆ ಹೋಗಿ ಬಂತು. ಹೊಗೆ ಹಾಗೇ. ಕೊನೆಗೆ ಸೋಪು ನೀರು ಬಳಿದು ಗಾಳಿ ತುಂಬಿಸಿ ನೋಡಿದಾಗ ಇಂಟರ್‌ಕೂಲರ್‌ನ ಕೆಳಗಿನ ಹೋಸ್‌ನಲ್ಲಿ, ಕ್ಲಾಂಪ್‌ನ ಅಂಚಿಗೆ ಸರಿಯಾಗಿ, ನೊರೆ ಉಬ್ಬಿತು. ಉಗುರಿನಷ್ಟು ಉದ್ದದ ಸೀಳು. ಕೈಯಲ್ಲಿ ಹಿಡಿದರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಒತ್ತಡ ಬಿದ್ದಾಗ ಮಾತ್ರ ತೆರೆಯುತ್ತಿತ್ತು. ಮೂಲ ಬೂಸ್ಟ್‌ನಲ್ಲಿ (ಟರ್ಬೊ ತುಂಬುವ ಗಾಳಿಯ ಒತ್ತಡ) ಅದು ಇನ್ನೊಂದು ವರ್ಷ ಯಾರಿಗೂ ಗೊತ್ತಾಗದೆ ಇರುತ್ತಿತ್ತೇನೋ.

ಈ ಸೋಪು ನೀರಿನ ಪರೀಕ್ಷೆ ನೀವೇ ಮಾಡಬಹುದು. ಎಂಜಿನ್ ನಿಲ್ಲಿಸಿ, ಟರ್ಬೊ ಬಾಯಿಗೆ ಸರಿಹೊಂದುವ ಬಿರಡೆ ಹಾಕಿ, ಕ್ಲಾಂಪ್ ಬಿಗಿದು, ನಿಧಾನವಾಗಿ ಗಾಳಿ ಬಿಡಿ. ಅರ್ಧ ಬಾರ್ ಸಾಕು. ಬಿರಡೆಯ ಎದುರು ನಿಲ್ಲಬೇಡಿ. ಅದು ಕಿತ್ತು ಬಂದರೆ ಮುಖಕ್ಕೇ.

ಹೋಸ್ ಸರಿ ಇದ್ದರೆ ಮುಂದಿನದು ಇಜಿಆರ್ ವಾಲ್ವ್. ತೆರೆದೇ ಸಿಕ್ಕಿಕೊಂಡಿದ್ದರೆ ಹೊಸ ಗಾಳಿಯ ಜಾಗದಲ್ಲಿ ಹೊಗೆಯೇ ಮತ್ತೆ ಒಳಗೆ ಹೋಗುತ್ತದೆ. ಆಮೇಲೆ ಬೂಸ್ಟ್ ಗೇಜ್ ಹಾಕಿ ನಿಮ್ಮ ಎಂಜಿನ್‌ಗೆ ಹೇಳಿದಷ್ಟು ಒತ್ತಡ ಬರುತ್ತಿದೆಯೇ ನೋಡಿ. ಇಷ್ಟೆಲ್ಲ ಸರಿ ಇದ್ದರೆ ಮಾತ್ರ ನಾಝಲ್ ಬಿಚ್ಚುವ ಮಾತು. ಅದು ಟೆಸ್ಟರ್ ಇರುವ ಕಡೆಯೇ ಆಗಬೇಕು.

ಲಕ್ಷಣ: ಗಾಡಿ ಎಳೆಯುವುದಿಲ್ಲ, ಆದರೆ ಹೊಗೆಯೂ ಇಲ್ಲ

ಒಂದು ಸುಲಭದ ಲೆಕ್ಕ. ಎಳೆತ ಇಲ್ಲ, ಕಪ್ಪು ಹೊಗೆ ಇದೆ ಅಂದರೆ ಗಾಳಿ ಬರುತ್ತಿಲ್ಲ. ಎಳೆತ ಇಲ್ಲ, ಹೊಗೆಯೂ ಇಲ್ಲ ಅಂದರೆ ಡೀಸೆಲ್ ಬರುತ್ತಿಲ್ಲ. ಹತ್ತರಲ್ಲಿ ಒಂಬತ್ತು ಸಲ ಇದು ದಾರಿ ತೋರಿಸುತ್ತದೆ.

ಡೀಸೆಲ್ ಫಿಲ್ಟರ್ ಬದಲಾಯಿಸಿ. ಟ್ಯಾಂಕ್‌ನಿಂದ ಬರುವ ಪೈಪ್ ಮಡಚಿದೆಯೇ ನೋಡಿ. ಪಾರದರ್ಶಕ ಪೈಪಿನ ತುಂಡು ಸೇರಿಸಿ ಗಾಳಿ ಗುಳ್ಳೆ ಬರುತ್ತಿದೆಯೇ ನೋಡಿ. ಮೆಕ್ಯಾನಿಕಲ್ ಪಂಪ್‌ಗಳಲ್ಲಿ ಬೂಸ್ಟ್ ಒತ್ತಡವನ್ನು ಪಂಪ್‌ನ ತಲೆಗೆ ಮುಟ್ಟಿಸುವ ಒಂದು ಸಣ್ಣ ಹೋಸ್ ಇರುತ್ತದೆ. ಅದು ಬಿರುಕು ಬಿಟ್ಟರೆ ಟರ್ಬೊ ಗಾಳಿ ಕೊಡುತ್ತಿದ್ದರೂ ಪಂಪ್‌ಗೆ ಸುದ್ದಿಯೇ ಹೋಗುವುದಿಲ್ಲ. ಅದು ಡೀಸೆಲ್ ಜಾಸ್ತಿ ಕೊಡುವುದೂ ಇಲ್ಲ. ಈ ಹೋಸ್ ನೋಡದೆ ಎಳೆತ ಕಡಿಮೆ ಅಂತ ಸ್ಕ್ರೂ ಇನ್ನಷ್ಟು ತಿರುಗಿಸುವವರನ್ನು ನೋಡಿದ್ದೇನೆ. ಮುಂದೆ ಯಾರೋ ಹೋಸ್ ಬದಲಾಯಿಸಿದ ದಿನ ಎಂಜಿನ್‌ಗೆ ಡಬಲ್ ಡೋಸ್!

ಕಾಮನ್ ರೈಲ್ ಗಾಡಿ ಏರಿನಲ್ಲಿ ಇದ್ದಕ್ಕಿದ್ದಂತೆ ಸತ್ತ ಹಾಗಾಗಿ, ಕೀ ಆಫ್ ಮಾಡಿ ಹಾಕಿದರೆ ಸರಿಯಾಗುತ್ತದೆಯೇ? ಅದು ಇಸಿಯು ಎಂಜಿನ್ ಕಾಪಾಡಲು ಪವರ್ ಇಳಿಸಿದ್ದು. ಸ್ಕ್ಯಾನರ್ ಹಾಕಿ ಕೋಡ್ ಓದಿಸಿ. ಬೂಸ್ಟ್ ಜಾಸ್ತಿ ಅಥವಾ ರೈಲ್ ಪ್ರೆಶರ್ ಅಂತ ಬಂದರೆ ಡಬ್ಬಿ ಬಿಚ್ಚಿ ಮತ್ತೆ ಓಡಿಸಿ ನೋಡಿ. ಕೋಡ್ ಅಳಿಸಿ ಸುಮ್ನೆ ಓಡಿಸುವುದು ಪರಿಹಾರವಲ್ಲ.

ಲಕ್ಷಣ: ಟರ್ಬೊ ಶಿಳ್ಳೆ ಜಾಸ್ತಿ, ಸೈರನ್ ಥರ ಕೂಗು

ತೆಳ್ಳಗಿನ ಶಿಳ್ಳೆ ಎಲ್ಲ ಟರ್ಬೊಗೂ ಇದ್ದದ್ದೇ. ಅದು ಬುಸ್ ಅನ್ನುವ ಸದ್ದಿನ ಜೊತೆ ಬಂದರೆ ಹೋಸ್ ಸೋರಿಕೆ. ಸೈರನ್ ಥರ ಏರುತ್ತಾ ಇಳಿಯುತ್ತಾ ಬಂದರೆ ಚಕ್ರ ಎಲ್ಲೋ ತಗಲುತ್ತಿದೆ ಅಥವಾ ಬೇರಿಂಗ್ ಸವೆದಿದೆ.

ಎಂಜಿನ್ ನಿಂತು ತಣ್ಣಗಾದಮೇಲೆ ಟರ್ಬೊ ಬಾಯಿಯ ಪೈಪ್ ಬಿಚ್ಚಿ. ಶಾಫ್ಟಿನ ತುದಿ ಎರಡು ಬೆರಳಲ್ಲಿ ಹಿಡಿಯಿರಿ. ಪಕ್ಕಕ್ಕೆ ಕೂದಲಿನಷ್ಟು ಅಲುಗಾಡಿದರೆ ತಪ್ಪಲ್ಲ, ಆಯಿಲ್ ತುಂಬಿದಾಗ ಅದು ಸರಿಹೋಗುತ್ತದೆ. ಹಿಂದೆ ಮುಂದೆ ಎಳೆದಾಗ ಅಲುಗಾಟ ಕೈಗೆ ಗೊತ್ತಾದರೆ ಅಥವಾ ರೆಕ್ಕೆಯ ತುದಿ ಗೋಡೆಗೆ ತಾಗಿ ಹೊಳೆಯುವ ಗೀರು ಬಿದ್ದಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ. ಮುರಿದ ರೆಕ್ಕೆಯ ಚೂರು ಎಂಜಿನ್ ಒಳಗೆ ಹೋದರೆ ಟರ್ಬೊ ಖರ್ಚು ಚಿಕ್ಕದಾಗಿ ಕಾಣುತ್ತದೆ.

ಬೂಸ್ಟ್ ಏರಿಸಿದ ಹಳೆ ಟರ್ಬೊ ಸಾಯುವುದು ಎರಡು ರೀತಿ. ಒಂದು, ಅದರ ಮಿತಿ ಮೀರಿ ತಿರುಗಿ. ಸಣ್ಣ ಟರ್ಬೊವನ್ನು ತಳ್ಳಿದಷ್ಟೂ ಅದು ಕೊಡುವುದು ಹೆಚ್ಚು ಗಾಳಿಯಲ್ಲ, ಹೆಚ್ಚು ಬಿಸಿಯಾದ ಗಾಳಿ. ಇನ್ನೊಂದು, ಬಿಸಿಯಲ್ಲೇ ನಿಲ್ಲಿಸಿ. ಏರು ಹತ್ತಿ ಬಂದ ತಕ್ಷಣ ಕೀ ತೆಗೆದರೆ ಬೇರಿಂಗ್‌ನಲ್ಲಿ ಉಳಿದ ಆಯಿಲ್ ಸುಟ್ಟು ಕರಿಕು ಕಟ್ಟುತ್ತದೆ. ಒಂದೆರಡು ನಿಮಿಷ ಆಕ್ಸಲರೇಟರ್ ಒತ್ತದೆ ಸ್ಲೋದಲ್ಲಿ ಬಿಡಿ. ವೇಸ್ಟ್‌ಗೇಟ್‌ನ ಸಣ್ಣ ಹೋಸನ್ನೂ ಮರೆಯಬೇಡಿ. ಅದು ಕಳಚಿದರೆ ಗೇಟ್ ತೆರೆಯುವುದೇ ಇಲ್ಲ, ಬೂಸ್ಟ್‌ಗೆ ಲಗಾಮೇ ಇರುವುದಿಲ್ಲ. ಗೇಜ್ ಇಲ್ಲದವರಿಗೆ ಗಾಡಿ ಭರ್ಜರಿ ಎಳೆಯುತ್ತಿದೆ ಅಂತ ಮಾತ್ರ ಅನ್ನಿಸುತ್ತದೆ.

ಲಕ್ಷಣ: ಏರಿನಲ್ಲಿ ಟೆಂಪರೇಚರ್ ಮುಳ್ಳು ಏರುತ್ತದೆ

ಸಮತಟ್ಟಿನಲ್ಲಿ ಸರಿ, ಏರಿನಲ್ಲಿ ಅಥವಾ ಲೋಡ್ ಇದ್ದಾಗ ಏರುತ್ತದೆ, ನಿಧಾನ ಮಾಡಿದರೆ ಇಳಿಯುತ್ತದೆ. ಏರಿಸಿದ ಗಾಡಿಗಳಲ್ಲಿ ನಾನು ಹೆಚ್ಚು ನೋಡಿದ್ದು ಇದನ್ನೇ. ನಿರ್ಲಕ್ಷ್ಯ ಮಾಡಿ ಎಂಜಿನ್ ಕಳೆದುಕೊಂಡವರೂ ಇದರಲ್ಲೇ ಹೆಚ್ಚು.

ಕೂಲಂಟ್ ಮಟ್ಟ, ಬೆಲ್ಟ್ ಬಿಗಿ, ರೇಡಿಯೇಟರ್ ಮುಂದಿನ ಜಾಲರಿಯಲ್ಲಿ ಕಸ. ಇವು ಬಿಟ್ಟಿ ಪರೀಕ್ಷೆಗಳು. ಇಂಟರ್‌ಕೂಲರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಡಿ. ಅಲ್ಲಿ ಹುಳು, ಹತ್ತಿ, ಧೂಳು ಸೇರಿ ಕಂಬಳಿ ಹೊದಿಸಿದ ಹಾಗೆ ಇರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಮುಂದಿನದು ರೇಡಿಯೇಟರ್ ಮುಚ್ಚಳ. ಕೂಲಂಟ್‌ನ ಕುದಿಯುವ ಬಿಂದುವನ್ನು ಇಪ್ಪತ್ತು ಡಿಗ್ರಿಯಷ್ಟು ಮೇಲೆ ಎತ್ತಿ ಹಿಡಿಯುವುದು ಆ ಮುಚ್ಚಳದ ಒತ್ತಡವೇ. ರಬ್ಬರ್ ಗಟ್ಟಿಯಾಗಿದ್ದರೆ ಬದಲಾಯಿಸಿ.

ಫ್ಯಾನ್ ನೋಡಿ. ವಿಸ್ಕಸ್ ಫ್ಯಾನ್ (ಬಿಸಿಯಾದಾಗ ಒಳಗಿನ ಆಯಿಲ್‌ನಿಂದ ಬಿಗಿ ಹಿಡಿದು ತಿರುಗುವ ಫ್ಯಾನ್) ಇದ್ದರೆ, ಬಿಸಿಯಾದ ಎಂಜಿನ್ ನಿಲ್ಲಿಸಿದಮೇಲೆ, ಕೀ ತೆಗೆದು, ಕೈಯಲ್ಲಿ ತಿರುಗಿಸಿ. ಬಿಗಿಯಾಗಿ ತಡೆಯಬೇಕು. ಸಲೀಸಾಗಿ ಗಿರಗಿರ ಅಂದರೆ ಅದರೊಳಗಿನ ಸಿಲಿಕೋನ್ ಆಯಿಲ್ ಹೋಗಿದೆ. ಕರೆಂಟ್ ಫ್ಯಾನ್ ಆದರೆ ಕೈ ಹಾಕಲೇಬೇಡಿ, ಎಂಜಿನ್ ಆಫ್ ಇದ್ದರೂ ತಿರುಗಬಹುದು.

ಥರ್ಮೋಸ್ಟಾಟ್ (ಕೂಲಂಟ್ ಬಿಸಿಯಾದಾಗ ರೇಡಿಯೇಟರ್ ದಾರಿ ತೆರೆಯುವ ವಾಲ್ವ್) ತೆಗೆದುಬಿಟ್ಟರೆ ಸರಿಹೋಗುತ್ತದೆ ಅನ್ನುವ ಸಲಹೆ ಖಂಡಿತ ಬರುತ್ತದೆ. ಒಪ್ಪಬೇಡಿ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಬಿಸಿಯಾದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ಅರ್ಧ ಕೂಲಂಟ್ ರೇಡಿಯೇಟರ್‌ಗೆ ಹೋಗದೆ ಸುತ್ತು ಹೊಡೆಯುತ್ತದೆ. ಕುದಿಯುವ ನೀರಿನ ಪಾತ್ರೆಯಲ್ಲಿ ಹಾಕಿ ತೆರೆಯುತ್ತದೆಯೇ ನೋಡಿ, ಸಂಶಯ ಇದ್ದರೆ ಹೊಸದು ಹಾಕಿ.

ಇಷ್ಟಾದರೂ ಏರುತ್ತಿದ್ದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆಯೇ ಅಂತ ತಿಳಿದವರ ಹತ್ತಿರ ನೋಡಿಸಿ. ಅದೂ ಸರಿ ಅಂದರೆ ಇನ್ನೊಂದೇ ಮಾತು ಉಳಿಯುತ್ತದೆ. ಎಂಜಿನ್ ಈಗ ಹುಟ್ಟಿಸುವ ಬಿಸಿಯನ್ನು ಹೊರಹಾಕುವಷ್ಟು ದೊಡ್ಡ ರೇಡಿಯೇಟರ್ ಇದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಡೀಸೆಲ್ ಕಡಿಮೆ ಮಾಡಿ.

ಟೈಮಿಂಗ್, ಅಂದರೆ ಡೀಸೆಲ್ ಚಿಮುಕುವ ಕ್ಷಣ ಕೂಡ ಇಲ್ಲಿ ಆಟ ಆಡುತ್ತದೆ. ಇಂಜೆಕ್ಷನ್ ತಡವಾದರೆ ಡೀಸೆಲ್ ಉರಿಯುವುದೇ ಹೊರಹೋಗುವ ಹೊತ್ತಿಗೆ, ಎಕ್ಸಾಸ್ಟ್ ಕೆಂಪಗೆ ಕಾಯುತ್ತದೆ. ಬೇಗ ಆದರೆ ಸಿಲಿಂಡರ್ ಒಳಗಿನ ಒತ್ತಡ ಏರಿ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಹೆಡ್ ಮತ್ತು ಬ್ಲಾಕ್ ನಡುವಿನ ಪದರ) ಮೇಲೆ ಭಾರ. ಪಂಪ್ ಸಡಿಲಿಸಿ ಕೂರಿಸಿದ್ದಾರೆ ಅಂದರೆ ಡಯಲ್ ಗೇಜ್ ಹಾಕಿ ಅಳೆಸಿ. ಕಿವಿಯ ಅಂದಾಜು ಇಲ್ಲಿ ನಡೆಯುವುದಿಲ್ಲ.

ಲಕ್ಷಣ: ಕೂಲಂಟ್ ಕಡಿಮೆಯಾಗುತ್ತಿದೆ, ಸೋರಿಕೆ ಕಾಣುತ್ತಿಲ್ಲ

ಬೆಳಿಗ್ಗೆ ಪೂರ್ತಿ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ. ಒಂದು ನಿಮಿಷದೊಳಗೆ ರೇಡಿಯೇಟರ್‌ನ ಮೇಲಿನ ಹೋಸ್ ಹಿಂಡಿ ನೋಡಿ. ಕೂಲಂಟ್ ಇನ್ನೂ ಬಿಸಿಯಾಗಿಲ್ಲ, ಹೋಸ್ ಮೆತ್ತಗಿರಬೇಕು. ಕಲ್ಲಿನಂತೆ ಗಟ್ಟಿಯಾಗಿದ್ದರೆ ಸಿಲಿಂಡರ್‌ನ ಗ್ಯಾಸ್ ಕೂಲಂಟ್‌ಗೆ ನುಗ್ಗುತ್ತಿದೆ. ಹಿಂದಿನ ದಿನ ಓಡಿಸಿದ ಗಾಡಿಯ ಹೋಸ್‌ನಲ್ಲಿ ಮರುದಿನ ಬೆಳಿಗ್ಗೆಯೂ ಒತ್ತಡ ಉಳಿದಿದ್ದರೆ ಅದೂ ಅದೇ ಸುಳಿವು.

ಕೂಲಂಟ್‌ಗೆ ಸಿಲಿಂಡರ್ ಗ್ಯಾಸ್ ಸೇರಿದೆಯೇ ಅಂತ ತಿಳಿಯಲು, ಕೂಲಂಟ್ ಬಾಟಲ್ ಮೇಲೆ ಇಟ್ಟು ಬಣ್ಣ ಬದಲಾಗುವುದನ್ನು ನೋಡುವ ದ್ರಾವಣದ ಪರೀಕ್ಷೆ ಇದೆ. ಅದನ್ನು ಸ್ಲೋದಲ್ಲಿ ಮಾಡಿ ಸರಿ ಇದೆ ಅಂದುಕೊಳ್ಳುವುದು ದೊಡ್ಡ ತಪ್ಪು. ಬೂಸ್ಟ್ ಏರಿಸಿದ ಎಂಜಿನ್‌ನಲ್ಲಿ ಹೆಡ್ ಬೋಲ್ಟ್‌ಗಳು ಲೋಡ್ ಬಿದ್ದಾಗ ಮಾತ್ರ ಹಿಗ್ಗಿ, ಹೆಡ್ ಒಂದು ಎಳೆಯಷ್ಟು ಎದ್ದು, ಗ್ಯಾಸ್ ಸೋರಿ, ಮತ್ತೆ ಕೂರುತ್ತದೆ. ಸ್ಲೋದಲ್ಲಿ ಏನೂ ಸಿಗುವುದಿಲ್ಲ. ಒಂದು ಏರು ಹತ್ತಿಸಿ ತಂದು ಪರೀಕ್ಷೆ ಮಾಡಿಸಿ. ಹೌದು ಅಂತ ಬಂದರೆ ಗಾಡಿ ಓಡಿಸುವುದು ನಿಲ್ಲಿಸಿ. ಹೆಡ್ ಬಿಚ್ಚಿಸಿದಾಗ ಗ್ಯಾಸ್ಕೆಟ್ ಹಾಕಿ ಮುಚ್ಚಿಬಿಡಬೇಡಿ. ಹೆಡ್ ಬಾಗಿದೆಯೇ, ವಾಲ್ವ್‌ಗಳ ನಡುವೆ ಬಿರುಕಿದೆಯೇ ಒತ್ತಡ ಹಾಕಿ ನೋಡಿಸಿ. ಅತಿ ಬಿಸಿ ಕಂಡ ಹೆಡ್‌ಗಳು ಬಿರುಕು ಬಿಡುವುದು ಹೆಚ್ಚಾಗಿ ಅಲ್ಲೇ.

ಲಕ್ಷಣ: ಬಿಳಿ ಅಥವಾ ನೀಲಿ ಹೊಗೆ

ಮೂಗು ಉಪಯೋಗಿಸಿ, ಆದರೆ ದೂರದಿಂದ. ಬಿಳಿ ಹೊಗೆ ಕಣ್ಣು ಉರಿಸಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಉರಿಯುತ್ತಿಲ್ಲ. ತಣ್ಣಗಿದ್ದಾಗ ಮಾತ್ರ ಆದರೆ ಹೀಟರ್ ಪ್ಲಗ್ ನೋಡಿ. ಮೀಟರ್‌ನಲ್ಲಿ ಸಾಮಾನ್ಯವಾಗಿ ಒಂದು ಓಮ್ ಆಸುಪಾಸು ತೋರಿಸಬೇಕು, ಕಡಿದು ಹೋಗಿದ್ದರೆ ಏನೂ ತೋರಿಸುವುದಿಲ್ಲ. ಬಿಸಿಯಾದಮೇಲೂ ಬಂದರೆ ಟೈಮಿಂಗ್, ನಾಝಲ್ ಅಥವಾ ಕಂಪ್ರೆಶನ್. ಸಿಹಿ ವಾಸನೆಯ ಆವಿ ಆದರೆ ಕೂಲಂಟ್, ಹಿಂದಿನ ವಿಭಾಗಕ್ಕೆ ಹೋಗಿ.

ನೀಲಿ ಅಂದರೆ ಆಯಿಲ್. ಟರ್ಬೊ ಸೀಲ್ ಹೋಗಿದೆ ಅಂತ ತಕ್ಷಣ ತೀರ್ಪು ಕೊಡಬೇಡಿ. ಟರ್ಬೊದಿಂದ ಆಯಿಲ್ ಕೆಳಗಿಳಿಯುವ ಪೈಪ್ ಅಥವಾ ಎಂಜಿನ್ ಒಳಗಿನ ಗ್ಯಾಸ್ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೆ ಒಳ್ಳೆಯ ಟರ್ಬೊ ಕೂಡ ಆಯಿಲ್ ಉಗುಳುತ್ತದೆ. ಮೊದಲು ಅವನ್ನು ಸ್ವಚ್ಛ ಮಾಡಿ. ಆಮೇಲೆ ಬ್ಯಾಕ್ ಕಂಪ್ರೆಶನ್, ಅಂದರೆ ಪಿಸ್ಟನ್ ರಿಂಗ್ ದಾಟಿ ಕೆಳಗೆ ನುಗ್ಗುವ ಗ್ಯಾಸ್ ನೋಡಿ. ಸ್ಲೋದಲ್ಲಿ ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ಸಡಿಲಿಸಿ, ತಲೆಕೆಳಗಾಗಿ ಬಾಯಿಯ ಮೇಲೆ ಇಡಿ. ಸ್ವಲ್ಪ ಕುಣಿದರೆ ಪರವಾಗಿಲ್ಲ. ಹಾರಿ ಬಿದ್ದರೆ ಅಥವಾ ಉಗಿಬಂಡಿಯ ಥರ ಬುಸುಬುಸು ಹೊಗೆ ಬಂದರೆ ರಿಂಗ್, ಲೈನರ್ ಅಥವಾ ಪಿಸ್ಟನ್ ಸರಿ ಇಲ್ಲ. ಅಲ್ಲಿಗೆ ಮನೆ ಪರೀಕ್ಷೆ ಮುಗಿಯಿತು. ಕಂಪ್ರೆಶನ್ ಟೆಸ್ಟ್ ಮಾಡಿಸಿ, ಸಿಲಿಂಡರ್‌ಗಳ ನಡುವೆ ಎಷ್ಟು ವ್ಯತ್ಯಾಸವಿದೆ ನೋಡಿ. ಡೀಸೆಲ್‌ಗೆ ಬೇರೆಯದೇ ಗೇಜ್ ಬೇಕು. ಪೆಟ್ರೋಲ್ ಗೇಜ್ ಆ ಒತ್ತಡ ತಡೆಯುವುದಿಲ್ಲ.

ಲಕ್ಷಣ: ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಏರಿದೆ

ಆಯಿಲ್ ತಾನಾಗಿಯೇ ಹೆಚ್ಚಾಗುವುದಿಲ್ಲ. ಕಾಫಿಗೆ ಹಾಲು ಹಾಕಿದ ಬಣ್ಣ ಇದ್ದರೆ ಕೂಲಂಟ್ ಸೇರಿದೆ. ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ನಾಝಲ್ ಹನಿಸುತ್ತಿದೆ ಅಥವಾ ಪಂಪ್‌ನ ಸೀಲ್ ಹೋಗಿದೆ. ಟಿಶ್ಯೂ ಪೇಪರ್ ಮೇಲೆ ಒಂದು ಹನಿ ಬಿಟ್ಟು ಕಾಯಿರಿ. ನಡುವೆ ಕಪ್ಪು, ಸುತ್ತ ತೆಳುವಾದ ಉಂಗುರ ಹರಡಿದರೆ ಡೀಸೆಲ್ ಇದೆ. ಎರಡರಲ್ಲಿ ಯಾವುದಾದರೂ ಸರಿ, ಗಾಡಿ ಓಡಿಸಬೇಡಿ. ತೆಳ್ಳಗಿನ ಆಯಿಲ್‌ನಲ್ಲಿ ಮೊದಲು ಹೋಗುವುದು ಟರ್ಬೊ ಮತ್ತು ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್‌ನ ಕೆಳತುದಿಯದು).

ಲಕ್ಷಣ: ಒಂದೇ ಸಿಲಿಂಡರ್‌ನಿಂದ ಕಟಕಟ ಬಡಿತ

ನಾಝಲ್ ಸರಿಯಾಗಿ ಚಿಮುಕಿಸದೆ ಧಾರೆಯಾಗಿ ಸುರಿದರೆ ಅದು ಪಿಸ್ಟನ್ ತಲೆಯ ಮೇಲೆ ವೆಲ್ಡಿಂಗ್ ಟಾರ್ಚ್ ಹಿಡಿದ ಹಾಗೆ. ಡೀಸೆಲ್ ಏರಿಸಿದ ಎಂಜಿನ್‌ನಲ್ಲಿ ಇದು ತೂತು ಕೊರೆಯಲು ಹೆಚ್ಚು ಸಮಯ ಬೇಡ. ಯಾವ ಸಿಲಿಂಡರ್ ಅಂತ ತಿಳಿಯಲು ಹಳೆ ಮೆಕ್ಯಾನಿಕಲ್ ಪಂಪ್ ಎಂಜಿನ್‌ನಲ್ಲಿ, ಸ್ಲೋದಲ್ಲಿ, ಒಂದೊಂದೇ ಇಂಜೆಕ್ಟರ್ ಪೈಪ್‌ನ ನಟ್ ಸಡಿಲಿಸುತ್ತಾರೆ. ಯಾವುದನ್ನು ಸಡಿಲಿಸಿದಾಗ ಬಡಿತ ನಿಲ್ಲುತ್ತದೋ ಅದೇ ಸಿಲಿಂಡರ್. ಕನ್ನಡಕ ಹಾಕಿ, ನಟ್ ಮೇಲೆ ಬಟ್ಟೆ ಮುಚ್ಚಿ, ಕೈ ದೂರ ಇಡಿ. ಕಾಮನ್ ರೈಲ್ ಎಂಜಿನ್‌ನಲ್ಲಿ ಇದನ್ನು ಎಂದಿಗೂ ಮಾಡಬೇಡಿ. ಪ್ರಾಣಕ್ಕೇ ಅಪಾಯ. ಅಲ್ಲಿ ಇಂಜೆಕ್ಟರ್‌ನಿಂದ ವಾಪಸ್ ಬರುವ ಡೀಸೆಲ್ ಅಳೆದು ನೋಡುತ್ತಾರೆ, ಅದು ಗೊತ್ತಿದ್ದವರ ಕೆಲಸ.

ಯಾವ ಪೈಪ್ ಸಡಿಲಿಸಿದರೂ ಬಡಿತ ನಿಲ್ಲದೆ, ಕೆಳಗಿನಿಂದ ಗಡಗಡ ಅಂತ ಕೇಳಿದರೆ ಅದು ಬೇರಿಂಗ್. ಎಂಜಿನ್ ಆಫ್ ಮಾಡಿ, ಎಳೆಸಿಕೊಂಡು ಹೋಗಿ.

ಲಕ್ಷಣ: ಕೀ ತೆಗೆದರೂ ಎಂಜಿನ್ ನಿಲ್ಲದೆ ರೇಸ್ ಆಗುತ್ತದೆ

ಇದು ಅಪರೂಪ, ಆದರೆ ಬಂದಾಗ ಓದುತ್ತಾ ಕೂರಲು ಸಮಯ ಇರುವುದಿಲ್ಲ. ಟರ್ಬೊ ಸೀಲ್ ಒಡೆದು ಅಥವಾ ಬ್ಯಾಕ್ ಕಂಪ್ರೆಶನ್‌ನಿಂದ ಆಯಿಲ್ ಗಾಳಿಯ ದಾರಿಗೆ ಬಂದು, ಎಂಜಿನ್ ತನ್ನದೇ ಆಯಿಲ್ ಕುಡಿದು ಓಡುತ್ತದೆ. ಡೀಸೆಲ್ ನಿಲ್ಲಿಸಿದರೂ ಅದಕ್ಕೆ ಲೆಕ್ಕವಿಲ್ಲ.

ಮ್ಯಾನುಯಲ್ ಗೇರ್ ಇದ್ದು ನೀವು ಸೀಟಿನಲ್ಲೇ ಇದ್ದರೆ, ಬ್ರೇಕ್ ಪೂರ್ತಿ ಒತ್ತಿ, ದೊಡ್ಡ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಸಾಯಿಸಿ. ಗಾಡಿ ಮುಂದೆ ಯಾರೂ ಇರಬಾರದು. ಅದಾಗದಿದ್ದರೆ ಗಾಳಿ ನಿಲ್ಲಿಸಬೇಕು. ಗಾಳಿಯ ಬಾಯಿಗೆ ಹಲಗೆ ಒತ್ತಿ ಹಿಡಿಯಬಹುದು ಅಥವಾ ಕಾರ್ಬನ್ ಡೈಆಕ್ಸೈಡ್ ಬೆಂಕಿ ನಂದಕ ಅದರೊಳಗೆ ಬಿಡಬಹುದು. ಅಂಗೈ ಬೇಡ, ಬಟ್ಟೆ ಬೇಡ, ಎರಡನ್ನೂ ಎಳೆದುಕೊಳ್ಳುತ್ತದೆ. ಎಂಜಿನ್‌ನ ಪಕ್ಕದಲ್ಲಿ ನಿಂತು ಬಗ್ಗಿ ನೋಡಬೇಡಿ. ಎರಡು ಸೆಕೆಂಡಿನಲ್ಲಿ ಆಗದಿದ್ದರೆ ಎಲ್ಲರನ್ನೂ ಕರೆದುಕೊಂಡು ದೂರ ಹೋಗಿ. ಎಂಜಿನ್ ಹೋದರೆ ಹೋಗಲಿ.

ಲಕ್ಷಣ: ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ

ಕ್ಲಚ್ ಜಾರುತ್ತಿದೆ. ಖಾಲಿ ರಸ್ತೆಯಲ್ಲಿ ದೊಡ್ಡ ಗೇರ್‌ನಲ್ಲಿ, ಕಡಿಮೆ ವೇಗದಲ್ಲಿ ಒಮ್ಮೆ ಪೂರ್ತಿ ಒತ್ತಿ. ಮುಳ್ಳು ಜಿಗಿದು ವೇಗ ಅಲ್ಲೇ ಉಳಿದರೆ ಖಚಿತ. ಒಂದೇ ಸಲ ಸಾಕು, ಪ್ರತಿ ಪರೀಕ್ಷೆಗೂ ಪ್ಲೇಟ್ ಸುಡುತ್ತದೆ. ಕೇಬಲ್ ಇರುವ ಗಾಡಿಯಲ್ಲಿ ಮೊದಲು ಪೆಡಲ್‌ನ ಫ್ರೀ ಪ್ಲೇ (ಒತ್ತಲು ಶುರುಮಾಡಿದಾಗ ಸಿಗುವ ಸಡಿಲು) ಇದೆಯೇ ನೋಡಿ. ಕೇಬಲ್ ಬಿಗಿಯಾಗಿದ್ದರೂ ಕ್ಲಚ್ ಜಾರುತ್ತದೆ. ಹಿಂದಿನ ಸೀಲ್‌ನಿಂದ ಆಯಿಲ್ ಸೋರಿ ಪ್ಲೇಟ್ ನೆನೆದಿರಬಹುದು, ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಬೆಲ್ ಹೌಸಿಂಗ್ ಕೆಳಗೆ ಜಿಡ್ಡು ನೋಡಿ.

ಎಲ್ಲ ಸರಿ ಇದ್ದೂ ಜಾರಿದರೆ ಕ್ಲಚ್‌ನ ಶಕ್ತಿಗಿಂತ ಎಂಜಿನ್‌ನ ಟಾರ್ಕ್ ಜಾಸ್ತಿಯಾಗಿದೆ. ಇಲ್ಲಿ ಎಲ್ಲರೂ ಹೆವಿ ಕ್ಲಚ್ ಹಾಕಿಸಿ ಅನ್ನುತ್ತಾರೆ. ಹಾಕಿಸಬಹುದು. ಆದರೆ ಆಮೇಲೆ ಆ ಟಾರ್ಕ್ ಗೇರ್‌ಬಾಕ್ಸ್‌ಗೆ, ಶಾಫ್ಟ್‌ಗೆ, ಡಿಫರೆನ್ಷಿಯಲ್‌ಗೆ ಹೋಗುತ್ತದೆ. ಕ್ಲಚ್ ಪ್ಲೇಟ್ ಬದಲಾಯಿಸುವುದು ಒಂದು ದಿನದ ಕೆಲಸ, ಗೇರ್‌ಬಾಕ್ಸ್ ಹಾಗಲ್ಲ. ಕಡಿಮೆ ಆರ್‌ಪಿಎಂನಲ್ಲಿ ದೊಡ್ಡ ಗೇರ್ ಹಾಕಿ ಒತ್ತುವ ಅಭ್ಯಾಸ ಇದ್ದರೆ ಕನೆಕ್ಟಿಂಗ್ ರಾಡ್ ಕೂಡ ಬಾಗಬಹುದು. ಹಾಗಾಗಿ ನನ್ನ ಗಾಡಿಗಳಲ್ಲಿ ಒರಿಜಿನಲ್ ಬಗೆಯ ಕ್ಲಚ್ ಬಿಟ್ಟು ಹೆವಿ ಹಾಕಿಸುವುದಿಲ್ಲ. ಅದೇ ಬಗೆಯ ಹೊಸ ಪ್ಲೇಟ್ ಹಾಕಿದ ಮೇಲೆ ಏರಿನಲ್ಲಿ ಅದು ಜಾರಲು ಶುರುವಾದ ಕಡೆ ಸ್ಕ್ರೂ ನಿಲ್ಲಿಸಿ, ಎಂಟನೇ ಒಂದು ಸುತ್ತು ಹಿಂದಕ್ಕೆ ತಂದು, ಲಾಕ್ ನಟ್ ಬಿಗಿದು, ಮೇಲೆ ಪೇಂಟ್ ಹಚ್ಚಿಬಿಡುತ್ತೇನೆ.